ಮುಂಗೈ ಮೇಲೆ ಆರು ವಿಸ್ಕಿ

ಎಪ್ಪತ್ತೊಂದು ವರ್ಷದ ಹೆಂಗಸೊಬ್ಬಳು ಬೆಳಗಾಗೆದ್ದು, ಸ್ನಾನಕ್ಕೂ ಮುಂಚೆ, ಆರು ಬಗೆಯ ವಿಸ್ಕಿಯನ್ನು ಮುಂಗೈಗೆ ಸವರಿಕೊಂಡು ಮೂಸುತ್ತಾ ಕೂತಿದ್ದಳು ಎಂದು ಬೇರೆ ಯಾರಾದರೂ ಬರೆದಿದ್ದರೆ ನಾನು ಆ ಪುಸ್ತಕವನ್ನು ಅಲ್ಲಿಗೇ ಮುಚ್ಚಿಡುತ್ತಿದ್ದೆ. ಆ ಹೆಂಗಸು ನಾನೇ ಆಗಿರುವುದರಿಂದ ಮುಂದುವರಿಸಬೇಕಾಗಿದೆ.

ಮಕ್ಕಳೇ, ನಿಮ್ಮಲ್ಲಿ ಚಿಕ್ಕವರು ಈಗಾಗಲೇ ಓಣಿಯಲ್ಲೆಲ್ಲ “ನಮ್ಮಜ್ಜಿ ವಿಸ್ಕಿ ಟೇಸ್ಟ್ ಮಾಡ್ತಾಳೆ” ಎಂದು ಡಂಗುರ ಸಾರಿದ್ದೀರಿ. ಎದುರುಮನೆಯವರು ಮೊನ್ನೆ ರಂಗೋಲಿ ಹಾಕುವಾಗ ನನ್ನನ್ನು ಕಂಡು ಸ್ವಲ್ಪ ಹೆಚ್ಚೇ ನಕ್ಕರು. ನಾಲ್ಕು ಜನರೆದುರು ಬಾಯಿಬಿಟ್ಟು ಉತ್ತರ ಕೊಡುವ ಸ್ವಭಾವ ನನ್ನದಲ್ಲ. ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದಾಗಲೂ ಉತ್ತರ ಗೊತ್ತಿದ್ದರೆ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆನೇ ಹೊರತು ಎದ್ದು ನಿಂತು ಹೇಳುತ್ತಿರಲಿಲ್ಲ. ಈಗಲೂ ಅದೇ ಉಪಾಯ. ಬರೆದು ತೋರಿಸುತ್ತೇನೆ.

ಇದರ ಮೂಲ ನಿಮ್ಮ ಮೇಘನಕ್ಕ. ಅವಳು ಮೈಸೂರು ಕಡೆ ಒಂದು ಮಾಲ್ಟ್ ವಿಸ್ಕಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ ಎಂಬುದು ನಿಮಗೆಲ್ಲ ಗೊತ್ತು. ಎರಡು ವರ್ಷ ಅವಳು ಮಾಡಿದ್ದು ಗಾಜಿನ ನಳಿಕೆಗಳಲ್ಲಿ ಅಳೆಯುವ ಕೆಲಸ. ಅವಳ ಕಣ್ಣಿದ್ದದ್ದು ಪಕ್ಕದ ಕೋಣೆಯ ಮೇಲೆ. ಆ ಕೋಣೆಯಲ್ಲಿ ಐದು ಜನ ಕೂತು, ಯಾವ ಪೀಪಾಯಿಯ ವಿಸ್ಕಿ ಹಣ್ಣಾಗಿದೆ, ಯಾವುದನ್ನು ಯಾವುದರ ಜೊತೆ ಬೆರೆಸಬೇಕು ಎಂದು ಹೆಚ್ಚಾಗಿ ಮೂಗಿನಿಂದಲೇ, ಕೊನೆಗೊಮ್ಮೆ ನಾಲಿಗೆಯಿಂದ, ತೀರ್ಮಾನಿಸುತ್ತಾರಂತೆ. ಅದರಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಪರೀಕ್ಷೆಗೆ ಎರಡು ಅವಕಾಶ. ಮೊದಲನೆಯದರಲ್ಲಿ ಮೇಘನಾ ಫೇಲಾದಳು. ಎರಡನೆಯದಕ್ಕೆ ಹದಿನೈದು ದಿನ ಇರುವಾಗ ರಜೆ ಹಾಕಿ, ಸಾಹೇಬರ ಅನುಮತಿ ಪಡೆದು, ಒಂದು ಪೆಟ್ಟಿಗೆ ತುಂಬ ಸಣ್ಣ ಸಣ್ಣ ಶೀಸೆ ತಂದು ದಾವಣಗೆರೆಯಲ್ಲಿ ನಮ್ಮ ನಿಜಲಿಂಗಪ್ಪ ಬಡಾವಣೆಯ ಮನೆಯಲ್ಲಿ ಅಭ್ಯಾಸಕ್ಕೆ ಕೂತಳು. ಈ ಸಲವೂ ತಪ್ಪಿದರೆ ನಿವೃತ್ತಿಯಾಗುವವರೆಗೂ ನಳಿಕೆಯೇ ಗತಿ.

ಅವಳ ಅಭ್ಯಾಸ ನೋಡಿದರೆ ನನಗೆ ಅಯ್ಯೋ ಅನಿಸುತ್ತಿತ್ತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಲೋಟ. ಮೂಸುವಳು, ಪುಸ್ತಕ ನೋಡುವಳು, ಮತ್ತೆ ಮೂಸುವಳು.

“ಅಜ್ಜಿ, ಏಪ್ರಿಕಾಟ್ ವಾಸನೆ ಹೆಂಗಿರ್ತೈತೆ?”

“ಆ ಹೆಸರನ್ನೇ ಈಗ ಕೇಳ್ತಿದೀನಿ. ನಿನಗೆ ಗೊತ್ತಿಲ್ಲೇನು?”

“ಇಲ್ಲ. ಆದ್ರೆ ಇದ್ರಾಗೆ ಐತಂತೆ.”

ಕಾಣದ ಹಣ್ಣನ್ನು ಕಾಣದ ಊರಿನಲ್ಲಿ ಹುಡುಕಿಕೊಂಡು ಬಾ ಎಂದು ಮೂಗನ್ನು ಕಳಿಸಿದರೆ ಅದು ತಾನೇ ಎಲ್ಲಿಗೆ ಹೋದೀತು?

ನಾನು ಈ ವಿಷಯಕ್ಕೆ ಕೈ ಹಾಕುವವಳಲ್ಲ. ಕುಡಿತದಿಂದ ಮನೆಯ ಪಾತ್ರೆಗಳು ಒಂದೊಂದಾಗಿ ಹೊರಗೆ ಹೋದದ್ದನ್ನು ನಮ್ಮೂರಿನಲ್ಲಿ ಕಣ್ಣಾರೆ ಕಂಡವಳು. ಆ ವಾಸನೆ ಎಂದರೆ ನನಗೆ ಒಬ್ಬ ಮನುಷ್ಯ ಓಣಿಯ ತುದಿಯಲ್ಲಿ ಕಾಣಿಸಿಕೊಂಡ ಕೂಡಲೇ ಅವನ ಮಕ್ಕಳು ನಮ್ಮ ಹಿತ್ತಲಿಗೆ ಓಡಿ ಬರುತ್ತಿದ್ದದ್ದೇ ನೆನಪು. ಆದರೆ ಅವತ್ತು ಅಡುಗೆಮನೆಯಲ್ಲಿ ಅಂಗಡಿಯ ತುಪ್ಪದ ಡಬ್ಬಿ ಬಿಚ್ಚಿ, ಹಳೆಯ ಅಭ್ಯಾಸದಂತೆ ಚೂರು ತುಪ್ಪವನ್ನು ಮುಂಗೈಗೆ ಉಜ್ಜಿ ಮೂಸಿ, “ಇದನ್ನ ಎರಡು ಸಲ ಕಾಯ್ಸಿದಾರೆ, ವಾಪಸ್ ಕೊಡು” ಎಂದು ನಿಮ್ಮಪ್ಪನಿಗೆ ಹೇಳುತ್ತಿದ್ದೆ. ಮೇಘನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಅಜ್ಜಿ, ಇದನ್ನ ಎಲ್ಲಿ ಕಲ್ತೆ? ನಮ್ಮ ಸಾಹೇಬ್ರು ಹಿಂಗೇ ಮಾಡ್ತಾರೆ. ಅಂಗೈಗೆ ವಿಸ್ಕಿ ಹಾಕ್ಕೊಂಡು ಉಜ್ಜಿ, ಅದು ಆರಿದ ಮೇಲೆ ಮೂಸ್ತಾರೆ.”

ಎಲ್ಲಿ ಕಲಿತೆ ಎಂಬುದನ್ನು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. ನಿಮ್ಮ ಅಜ್ಜನವರದು ಮಂಡಿಪೇಟೆಯಲ್ಲಿ ಬೆಣ್ಣೆ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ನಡುವೆ ಒಂದು ಬಾಗಿಲು. ಸುತ್ತಲಿನ ಹಳ್ಳಿಗಳಿಂದ ಹೆಂಗಸರು ಗಡಿಗೆಯಲ್ಲಿ ಬೆಣ್ಣೆ ತರುತ್ತಿದ್ದರು. ಮದುವೆಯಾದ ಮೊದಲ ವರ್ಷವೇ ನಿಮ್ಮ ಅಜ್ಜನವರಿಗೆ ತಿಳಿದುಹೋಯಿತು: ಅವರ ಮೂಗಿಗೆ ಬೆಣ್ಣೆಗೂ ಸುಣ್ಣಕ್ಕೂ ಅಂಥ ವ್ಯತ್ಯಾಸ ಗೊತ್ತಾಗುವುದಿಲ್ಲ, ನನ್ನ ಮೂಗು ಮಾತ್ರ ಎಮ್ಮೆ ಹತ್ತಿಕಾಳು ತಿಂದಿತ್ತೋ ಶೇಂಗಾ ಹಿಂಡಿ ತಿಂದಿತ್ತೋ ಎಂಬುದನ್ನೂ ಹೇಳುತ್ತದೆ ಎಂದು. ಆದರೆ ನಾನು ಅಂಗಡಿಗೆ ಬಂದು ಕೂರುವವಳಲ್ಲ. ಅದಕ್ಕೊಂದು ವ್ಯವಸ್ಥೆಯಾಯಿತು. ಮುತ್ತುಗದ ಎಲೆಯ ಮೇಲೆ ಚೂರು ಬೆಣ್ಣೆ ಒಳಗೆ ಬರುತ್ತಿತ್ತು. ನಾನು ಮುಂಗೈಗೆ ಸವರಿ, ಮೈಯ ಬಿಸಿಗೆ ಕರಗಲು ಬಿಟ್ಟು, ಒಮ್ಮೆ ಮೂಸಿ, ಸ್ವಲ್ಪ ತಡೆದು ಮತ್ತೊಮ್ಮೆ ಮೂಸಿ, ಬಾಗಿಲ ಚಿಲಕ ಆಡಿಸುತ್ತಿದ್ದೆ. ಒಂದು ಸಲ ಸದ್ದಾದರೆ ಒಳ್ಳೆಯದು. ಎರಡಾದರೆ ಹಳೆಯದು. ಮೂರಾದರೆ ವನಸ್ಪತಿ ಬೆರೆಸಿದ್ದು. ಹೊರಗೆ ನಿಮ್ಮ ಅಜ್ಜನವರು ಬೆಣ್ಣೆಯನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಧ್ಯಾನಸ್ಥರಾಗಿರುತ್ತಿದ್ದರು. ಅವರು ಕಣ್ಣು ಮುಚ್ಚುತ್ತಿದ್ದದ್ದು ಮೂಸುವುದಕ್ಕಲ್ಲ, ಚಿಲಕದ ಸದ್ದು ಕೇಳಿಸಿಕೊಳ್ಳುವುದಕ್ಕೆ.

“ಯಜಮಾನ್ರ ಮೂಗು ಅಂದ್ರೆ ಮೂಗು ಬಿಡ್ರಿ” ಎಂದು ಪೇಟೆಯೆಲ್ಲ ಹೊಗಳುತ್ತಿತ್ತು. ಅವರು ಊಟಕ್ಕೆ ಒಳಗೆ ಬಂದಾಗ, “ಇವತ್ತು ನಿನ್ನ ಮೂಗು ನನಗೆ ಮೂರು ಸಲಾಮು ಹೊಡೆಸ್ತು” ಎನ್ನುತ್ತಿದ್ದರು. ಅಷ್ಟೇ ಸಾಕಾಗಿತ್ತು ನನಗೆ. ಸಾಕಾಗಿತ್ತು ಎಂದೇ ತಿಳಿದಿದ್ದೆ.

ಇದನ್ನೆಲ್ಲ ಕೇಳಿದ ಮೇಲೆ ಮೇಘನಾ ನನ್ನನ್ನು ಬಿಡಲಿಲ್ಲ. ನಾನೂ ಒಂದು ಷರತ್ತು ಹಾಕಿದೆ: ಕುಡಿಯುವುದಿಲ್ಲ, ಮೂಸುತ್ತೇನೆ ಅಷ್ಟೇ; ಅದೂ ಸ್ನಾನಕ್ಕೆ ಮುಂಚೆ. ಪೂಜೆಯಾದ ಮೇಲೆ ಅದನ್ನು ಮುಟ್ಟುವುದಿಲ್ಲ. ಮರುದಿನ ಬೆಳಕು ಹರಿಯುತ್ತಲೇ ಊಟದ ಮೇಜಿನ ಮೇಲೆ ಆರು ಲೋಟ ಸಾಲಾಗಿ ನಿಂತವು. ಮೂಗನ್ನು ನಡುನಡುವೆ ತೊಳೆಯಲು ಒಂದು ಬಟ್ಟಲು ಮಂಡಕ್ಕಿ. ಪುಸ್ತಕದಲ್ಲಿ ಸಪ್ಪೆ ಬಿಸ್ಕತ್ತು ಎಂದಿತ್ತಂತೆ. ದಾವಣಗೆರೆಯಲ್ಲಿ ಕೂತು ಮಂಡಕ್ಕಿ ಬಿಟ್ಟು ಬಿಸ್ಕತ್ತು ಹುಡುಕುವುದುಂಟೆ?

ಮೊದಲ ಲೋಟದ ಹನಿ ಮುಂಗೈಯಲ್ಲಿ ಆರುತ್ತಿದ್ದಂತೆ ನನಗೆ ಬಾಣಂತಿಯ ಕೋಣೆ ಕಂಡಿತು. ಹಸಿ ಕಟ್ಟಿಗೆಯ ಹೊಗೆ, ಬಜೆ, ಔಷಧಿ, ಸ್ವಲ್ಪ ಉಪ್ಪು. ಮೇಘನಾ ಪೆನ್ನು ಹಿಡಿದು ಬಾಯಿ ಬಿಟ್ಟು ಕೂತಳು. ಅದು ಸ್ಕಾಟ್ಲೆಂಡಿನ ಸಮುದ್ರದ ನಡುವಿನ ದ್ವೀಪದ್ದಂತೆ. ಅಲ್ಲಿ ಜವುಗಿನ ಕರಿ ಮಣ್ಣನ್ನು ಇಟ್ಟಿಗೆಯಂತೆ ಕಡಿದು ಒಣಗಿಸಿ, ಅದರ ಹೊಗೆಯಲ್ಲಿ ಮೊಳಕೆ ಕಾಳನ್ನು ಒಣಗಿಸುತ್ತಾರಂತೆ. ಪುಸ್ತಕದಲ್ಲೂ ಹೊಗೆ, ಔಷಧಿ, ಉಪ್ಪು ಎಂದೇ ಇತ್ತು. ಬಾಣಂತಿ ಮಾತ್ರ ಇರಲಿಲ್ಲ.

ಅದೇ ದೇಶದ ಇನ್ನೊಂದು, ದ್ರಾಕ್ಷಿ ಮದ್ಯ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಮಲಗಿದ್ದದ್ದು, ಮದುವೆಮನೆಯ ಉಗ್ರಾಣದ ಬಾಗಿಲು ತೆಗೆದ ಹಾಗೆ ಬಂತು. ಉತ್ತತ್ತಿ, ಒಣದ್ರಾಕ್ಷಿ, ಹಳೆಯ ಮರದ ಪೆಟ್ಟಿಗೆ. ಒಂದೇ ತಾಯಿಯ ಮಕ್ಕಳು ಒಬ್ಬ ಸಿಡುಕನೂ ಇನ್ನೊಬ್ಬ ಉದಾರಿಯೂ ಆಗುವುದು ನಮ್ಮಲ್ಲಿ ಮಾತ್ರವಲ್ಲ ಎಂದು ಸಮಾಧಾನವಾಯಿತು. ಐರ್ಲೆಂಡಿನದು ಮೂರು ಸಲ ಬಟ್ಟಿ ಇಳಿಸಿದ್ದು. ಬಹಳ ಮೆತ್ತಗೆ, ಎಳೆ ತೆನೆಯ ಹಾಲುಗಾಳಿನ ವಾಸನೆ. ಎಷ್ಟು ಕರೆದರೂ ಮುಂದೆ ಬರದೆ ಬಾಗಿಲ ಸಂದಿಯಲ್ಲೇ ನಿಲ್ಲುತ್ತಿತ್ತು. ಅದರ ಮೇಲೆ ನನಗೆ ವಿಶೇಷ ಪ್ರೀತಿ ಹುಟ್ಟಿತು. ಯಾಕೆಂದು ನಿಮಗೆ ಗೊತ್ತಾಗಿರಬೇಕು.

ಅಮೆರಿಕದ್ದನ್ನು ಮೂಸಿದಾಗ ನಾನು ನಕ್ಕುಬಿಟ್ಟೆ. ಹೋಳಿಗೆಗೆ ಕಾಯುತ್ತಿರುವ ಬೆಲ್ಲದ ಪಾಕ, ಕೊಬ್ಬರಿ, ಅದರ ಹಿಂದೆ ನಮ್ಮದೇ ಮೆಕ್ಕೆಜೋಳದ ಕಣ. ಸುಗ್ಗಿಯಲ್ಲಿ ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ರಸ್ತೆಯ ಬದಿಗೆ ಹರವಿರುತ್ತಾರಲ್ಲ, ಅದೇ. “ಅದನ್ನ ಮಾಡೋದು ಮೆಕ್ಕೆಜೋಳದಿಂದಲೇ ಅಜ್ಜಿ” ಎಂದಳು ಮೇಘನಾ. ಅಲ್ಲಿಯದೇ ಇನ್ನೊಂದು, ರೈ ಎಂಬ ಕಾಳಿನದು, ನೆಗಡಿಗೆ ಕಾಯಿಸಿದ ಮೆಣಸು ಶುಂಠಿಯ ಕಷಾಯ. ಕೊನೆಯದು ನಮ್ಮ ದೇಶದ್ದೇ. ಹುಲ್ಲಿನಲ್ಲಿ ಅಡೆ ಹಾಕಿದ ಮಾವಿನಹಣ್ಣಿನ ಕೋಣೆಗೆ ಕಾಲಿಟ್ಟ ಹಾಗೆ.

ನಡುವೆ ಅವಳು ನನಗೆ ಪಾಠ ಹೇಳುತ್ತಿದ್ದಳು. ಜವೆಗೋದಿ ನೆನೆಸಿ, ಮೊಳಕೆ ಬರಿಸಿ, ಸಿಹಿಯಾದ ಮೇಲೆ ಒಣಗಿಸುವುದಂತೆ. ಇದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ನಿಮಗೆಲ್ಲ ಹಲ್ಲು ಬರುವ ಮುಂಚೆ ಕುಡಿಸಿದ ರಾಗಿ ಸರಿಗೆ ನಾನು ಮಾಡಿದ್ದೂ ಇಷ್ಟೇ. ಅವರು ಅದನ್ನು ಅಲ್ಲಿಗೆ ಬಿಡದೆ ಮುಂದಕ್ಕೆ ಹೋದರು, ನಾನು ಬಟ್ಟೆಯಲ್ಲಿ ಸೋಸಿ ನಿಲ್ಲಿಸಿದೆ. ಪೀಪಾಯಿಯಿಂದ ವರ್ಷವರ್ಷ ಒಂದು ಪಾಲು ಗಾಳಿಗೆ ಆರಿಹೋಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಹೆಚ್ಚು ಹೋಗುತ್ತದೆ, ಅದಕ್ಕೆ ದೇವತೆಗಳ ಪಾಲು ಎಂದು ಹೆಸರು ಎಂದಳು. ಬೆಣ್ಣೆ ಕಾಯಿಸಿದಾಗಲೂ ತೂಕ ಇಳಿಯುತ್ತಿತ್ತು. ಅದನ್ನು ನಾವು ದೇವರ ತಲೆಗೆ ಕಟ್ಟಿರಲಿಲ್ಲ. ಹರಿಹರದಲ್ಲಿರುವ ಹರಿಹರೇಶ್ವರನಿಗೆ ಈ ಪಾಲಿನ ವಿಷಯ ತಿಳಿಯದೇ ಇರಲಿ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

ಷರತ್ತು ಮುರಿದದ್ದನ್ನೂ ಇಲ್ಲೇ ಒಪ್ಪಿಕೊಳ್ಳುತ್ತೇನೆ. ನಾಲ್ಕನೆಯ ದಿನ, ವಾಸನೆಗೂ ರುಚಿಗೂ ಎಷ್ಟು ದೂರ ಎಂದು ತಿಳಿಯುವ ಆಸೆಯಾಗಿ, ಬೆಲ್ಲದ ಪಾಕದ್ದನ್ನೂ ಬಾಣಂತಿ ಕೋಣೆಯದನ್ನೂ ಒಂದೊಂದು ಹನಿ ನಾಲಿಗೆಯ ತುದಿಗೆ ಮುಟ್ಟಿಸಿದೆ. ಬೆಲ್ಲ ಎಲ್ಲಿಗೆ ಹೋಯಿತೋ ಶಿವನೇ ಬಲ್ಲ. ಎರಡೂ ಹಲ್ಲುನೋವಿಗೆ ಹಾಕುವ ಲವಂಗದೆಣ್ಣೆಯಂತೆ ಚುರ್ರೆಂದವು. ಇಷ್ಟು ಒಳ್ಳೆಯ ವಾಸನೆಯನ್ನು ಕುಡಿದು ಹಾಳು ಮಾಡಿಕೊಳ್ಳುತ್ತಾರಲ್ಲ ಎನಿಸಿತು. ಬಾಯಿ ಮುಕ್ಕಳಿಸಿ ಬಂದೆ.

ಒಂಬತ್ತು ದಿನ ಹೀಗೆ ನಡೆಯಿತು. ಮೇಘನಾ ಪುಸ್ತಕ ಮುಚ್ಚಿಟ್ಟಳು. ವಾಸನೆಗಳಿಗೆ ತನ್ನದೇ ಹೆಸರು ಇಡಲು ಕಲಿತಳು. ಪಿ.ಜೆ. ಬಡಾವಣೆಯಲ್ಲಿ ತಾನು ಓದಿದ ಶಾಲೆಯ ಹೊಸ ಬೆಂಚು, ಮಳೆ ಬಿದ್ದ ಸೈಕಲ್ ಸೀಟು, ಹಬ್ಬಕ್ಕೆ ತೆಗೆದ ರೇಷ್ಮೆ ಸೀರೆ. ನನ್ನ ಹೆಸರುಗಳಿಗಿಂತ ಅವಳವು ಚೆನ್ನಾಗಿದ್ದವು. ಆದರೆ ಹೇಳುವ ಮುಂಚೆ ನನ್ನ ಮುಖ ನೋಡುತ್ತಿದ್ದಳು. ನನಗದು ಹಿತವಾಗಿತ್ತು. ತಡೆಯಬೇಕೆಂದು ಹೊಳೆಯಲೇ ಇಲ್ಲ.

ಹತ್ತನೆಯ ದಿನ ಸೋಮವಾರ. ಅವತ್ತು ನಾನು ಬೇಗ ಎದ್ದು ಸ್ನಾನ, ಪೂಜೆ ಮುಗಿಸಿಬಿಟ್ಟಿದ್ದೆ. ಮೇಘನಾ ನಿಜವಾದ ಪರೀಕ್ಷೆಯಂತೆಯೇ ಒಂದು ಪರೀಕ್ಷೆ ಮಾಡೋಣ ಎಂದು ಹಟ ಹಿಡಿದಳು. ಲೋಟಗಳ ತಳಕ್ಕೆ ಚೀಟಿ ಅಂಟಿಸಿ ಅದಲುಬದಲು ಮಾಡಿದಳು. ಇಬ್ಬರೂ ಬೇರೆ ಬೇರೆ ಕಾಗದದಲ್ಲಿ ಬರೆಯಬೇಕು. ಒಂದು ದಿನಕ್ಕೆ ಶಿವ ಕ್ಷಮಿಸುತ್ತಾನೆ ಎಂದು ನಾನೂ ಕೂತೆ.

ಮೊದಲ ಲೋಟ ಹೊಗೆ. ಎರಡನೆಯದೂ ಹೊಗೆ. ಮೂರನೆಯದಕ್ಕೂ ಹೊಗೆಯೇ ಬಂದಾಗ, ಹುಡುಗಿ ಮೋಸ ಮಾಡಿ ಎಲ್ಲದಕ್ಕೂ ಒಂದನ್ನೇ ಸುರಿದಿದ್ದಾಳೆ, ಅಜ್ಜಿಯನ್ನು ಪರೀಕ್ಷಿಸುತ್ತಿದ್ದಾಳೆ ಎಂದು ಒಳಗೇ ನಗು ಬಂತು. ನನಗೆ ಗೊತ್ತಾಗದೆ ಇರುತ್ತದೆಯೇ? ಆರಕ್ಕೂ ಹೊಗೆ ಎಂದು ದಪ್ಪಗೆ ಬರೆದು ಕಾಗದ ಮುಂದಕ್ಕೆ ತಳ್ಳಿದೆ. ಮೇಘನಾ ಅದನ್ನು ನೋಡಿದಳು. ತಾನು ಬರೆದದ್ದನ್ನು ನೋಡಿಕೊಂಡಳು. ಒಂದೊಂದಾಗಿ ಹೊಡೆದು ಹಾಕಿ ಎಲ್ಲ ಕಡೆ ಹೊಗೆ ಎಂದು ತಿದ್ದಿದಳು. ಆಮೇಲೆ ಲೋಟ ಎತ್ತಿ ಚೀಟಿ ಓದಿದಳು. ಆರರಲ್ಲಿ ಹೊಗೆಯದು ಒಂದೇ.

ಅವಳು ಅಳಲಿಲ್ಲ. ಅತ್ತಿದ್ದರೇ ವಾಸಿಯಿತ್ತು. “ನನಗೆ ಈ ಕೆಲ್ಸ ಬ್ಯಾಡ ಅಜ್ಜಿ. ನಿನಗೇ ಗೊತ್ತಾಗಲಿಲ್ಲ, ಇನ್ನು ನನಗೆಲ್ಲಿ ಗೊತ್ತಾಗ್ತೈತೆ? ಪರೀಕ್ಷೆಗೆ ಬರಲ್ಲ ಅಂತ ಫೋನ್ ಮಾಡ್ತೀನಿ” ಎಂದು ಶೀಸೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ನಾನು ನನ್ನ ಮುಂಗೈಯನ್ನು ಮತ್ತೆ ಮತ್ತೆ ಮೂಸಿದೆ. ಹೊಗೆಯೇ. ಎಪ್ಪತ್ತು ವರ್ಷ ಜೊತೆಗಿದ್ದ ಮೂಗು ಹೇಳದೆ ಕೇಳದೆ ಹೊರಟುಹೋಯಿತೆಂದುಕೊಂಡೆ.

ಆ ಹೊತ್ತಿಗೆ ಸರಿಯಾಗಿ ಬಾಗಿಲು ನೂಕಿಕೊಂಡು ಗಿರಿಜಕ್ಕ ಬರಬೇಕೆ? ನಿಮ್ಮ ಅಜ್ಜನವರ ಅಕ್ಕ, ಹರಿಹರದವರು. ಅವರ ಹಣೆಯ ವಿಭೂತಿ ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದರು.

“ಏನೇ ಶಾಂತಾ, ಆಸ್ಪತ್ರೆ ವಾಸನೆ ಹೊಡೀತೈತೆ. ಯಾರಿಗೆ ಹುಷಾರಿಲ್ಲ?”

“ಬರ್ರಿ ಅಕ್ಕ, ಕೂಡ್ರಿ” ಎಂದೆ.

“ವಿಸ್ಕಿ ಅದು, ಗಿರಿಜಜ್ಜಿ” ಎಂದಳು ಮೇಘನಾ, ಇನ್ನು ಮುಚ್ಚಿಟ್ಟು ಏನಾಗಬೇಕಿದೆ ಎನ್ನುವ ದನಿಯಲ್ಲಿ.

“ಯಾರಿಗೋ ಹುಷಾರಿಲ್ಲದಿದ್ರೇ ಚೆನ್ನಾಗಿತ್ತಲ್ಲೇ” ಎಂದು ಗಿರಿಜಕ್ಕ ಕುರ್ಚಿ ಎಳೆದುಕೊಂಡು ಕೂತರು. ಎಲ್ಲವನ್ನೂ ಕೇಳಿಸಿಕೊಂಡರು. ಚಿಲಕದ ಕಥೆ ಅವರಿಗೆ ಮೊದಲೇ ಗೊತ್ತಿತ್ತಂತೆ. “ನಮ್ಮ ತಮ್ಮನ ಮೂಗು ನಮಗೆ ಗೊತ್ತಿಲ್ಲೇನು? ಪಕ್ಕದಾಗೆ ಹಾಲು ಉಕ್ಕಿ ಸೀದ್ರೂ ಪೇಪರ್ ಓದ್ತಿದ್ದೋನು” ಎಂದರು. ಆಮೇಲೆ ಬೈಯುವುದಕ್ಕೋ ಏನೋ ನನ್ನ ಕೈ ಹಿಡಿದು ಎಳೆದುಕೊಂಡರು, ತಿರುಗಿಸಿ ನೋಡಿದರು, ಮೂಸಿದರು.

“ಮುಂಗೈ ತುಂಬಾ ಮೂರೆಳೆ ವಿಭೂತಿ ಬಳ್ಕೊಂಡು, ಅದರ ಮ್ಯಾಲೆ ನೀರು ಹಾಕ್ದಂಗೆ ಅದನ್ನ ಹಾಕ್ಕೊಂಡೀಯಲ್ಲ. ಬೂದಿ ನೆನೆದ್ರೆ ಹೊಗೆ ವಾಸನೆ ಬರದೆ ಮಲ್ಲಿಗೆ ವಾಸನೆ ಬರ್ತೈತೇನೆ?”

ಮೇಘನಾಗೆ ಮೊದಲು ನಗು ಬಂತು. ನನಗೆ ಮೂಗು ವಾಪಸು ಬಂತು. ಅವಳು ಹೊಡೆದು ಹಾಕಿದ್ದ ಕಾಗದವನ್ನು ಗಿರಿಜಕ್ಕ ಕನ್ನಡಕ ಏರಿಸಿ ಚೀಟಿಗಳ ಜೊತೆ ತಾಳೆ ನೋಡಿದರು. ಗೀಟಿನ ಕೆಳಗೆ ಅವಳು ಮೊದಲು ಬರೆದಿದ್ದ ಆರರಲ್ಲಿ ಐದು ಸರಿ ಇದ್ದವು.

“ನಿಮ್ಮಜ್ಜಿ ಮೂಗು ಒಳ್ಳೇದೇ ಕಣೇ. ಆದ್ರೆ ಅದನ್ನ ತಗೊಂಡು ನೀ ಯಾಕ ನಿನ್ನ ಮುಖಕ್ಕೆ ಅಂಟಿಸ್ಕೊಂಡಿ? ನಿಂದೇನು ಕಿವಿಯಾಗೆ ಐತೇನು?” ಎಂದರು ಅವಳಿಗೆ. ನನಗೂ ಅದು ತಟ್ಟಬೇಕಾದಷ್ಟು ತಟ್ಟಿತು. ಬಾಗಿಲ ಹಿಂದೆ ಕೂತು ಇನ್ನೊಬ್ಬರ ಪರವಾಗಿ ಮೂಸುವುದು ನನಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಮೊಮ್ಮಗಳನ್ನೂ ಅವಳ ಅಜ್ಜನ ಹಾಗೆ ಗಲ್ಲಾದ ಮೇಲೆ ಕಣ್ಣು ಮುಚ್ಚಿ ಕೂರಿಸಿಬಿಟ್ಟಿದ್ದೆ.

ಉಳಿದ ದಿನಗಳಲ್ಲಿ ನಾನು ಲೋಟಗಳಿಗೆ ಸುರಿಯುವುದು, ಮಂಡಕ್ಕಿ ತುಂಬುವುದು ಇಷ್ಟೇ ಮಾಡಿದೆ. ಅವಳು ಹೇಳಿದ ಮೇಲಷ್ಟೇ ನಾನು ಮೂಸುತ್ತಿದ್ದೆ, ಕಡಲೆಹಿಟ್ಟಿನಲ್ಲಿ ಕೈ ತೊಳೆದುಕೊಂಡು. ಎರಡು ಸಲ ನಮಗೆ ಜಗಳವಾಯಿತು. ಎರಡು ಸಲವೂ ಅವಳದೇ ಸರಿ.

ಪರೀಕ್ಷೆಯ ದಿನ ಹನ್ನೆರಡು ಲೋಟ ಇಟ್ಟಿದ್ದರಂತೆ. ಒಂಬತ್ತನೆಯದಕ್ಕೆ ಪುಸ್ತಕದ ಯಾವ ಮಾತೂ ಹೊಂದಲಿಲ್ಲ. ಇವಳು ಕನ್ನಡದಲ್ಲೇ, “ಬೆಣ್ಣೆ ಕಾಯಿಸಿ ಇಳಿಸುವಾಗ ಹಾಕಿದ ವೀಳ್ಯದೆಲೆ” ಎಂದು ಬರೆದಳು. ಸಾಹೇಬರು ಅದೇನೆಂದು ಕೇಳಿದರು. ಕಾಯುತ್ತಿರುವ ತುಪ್ಪದಲ್ಲಿ ಎಲೆ ಬಿದ್ದು ಚಟಪಟ ಎನ್ನುವ ಆ ಗಳಿಗೆಯ ವಾಸನೆ ಎಂದು ಇವಳು ವಿವರಿಸಿದಳು. ಅವರು ನಂಬಲಿಲ್ಲ, ತಳ್ಳಿಹಾಕಲೂ ಇಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳಿ ಬೆಣ್ಣೆ ಕಾಯಿಸಿ, ಎಲೆ ಹಾಕಿಸಿ, ಮೂಸಿ, ಮರುದಿನ ಬಂದು ಆ ಪೀಪಾಯಿಯನ್ನು ಇನ್ನೊಮ್ಮೆ ತೆಗೆಸಿ ಮೂಸಿ ಒಪ್ಪಿದರಂತೆ. ಈಗ ಅವರ ಕೋಣೆಯ ಗೋಡೆಯ ಮೇಲೆ ತೂಗುಹಾಕಿದ ವಾಸನೆಗಳ ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಗಿದೆ. ಹನ್ನೆರಡರಲ್ಲಿ ಹತ್ತು ಸರಿ. ಕುರ್ಚಿ ಮೇಘನಾಗೆ ಬಂತು.

“ಎಲ್ಲಿ ತರಬೇತಿ ಆಯ್ತು ಅಂತ ಕೇಳಿದ್ರು ಅಜ್ಜಿ. ಮಂಡಿಪೇಟೆ ಬೆಣ್ಣೆ ಅಂಗಡೀಲಿ ನಮ್ಮಜ್ಜಿ ನಲವತ್ತು ವರ್ಷ ಗುಣಮಟ್ಟ ಪರೀಕ್ಷಕಿ ಆಗಿದ್ರು ಅಂತ ಹೇಳ್ದೆ” ಎಂದಳು ಫೋನಿನಲ್ಲಿ. ನಾನು ಸರಿ, ಊಟ ಮಾಡು ಎಂದು ಇಟ್ಟುಬಿಟ್ಟೆ. ಆಮೇಲೆ ಕನ್ನಡಿಯ ಮುಂದೆ ನಿಂತು ‘ಗುಣಮಟ್ಟ ಪರೀಕ್ಷಕಿ’ ಎಂಬ ಆ ಎರಡು ಪದಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿದೆ. ಯಾರೂ ಮನೆಯಲ್ಲಿರಲಿಲ್ಲ.

ಗಿರಿಜಕ್ಕನಿಗೆ ಈ ಸುದ್ದಿಯನ್ನು ಎದುರು ಕೂತೇ ಹೇಳಬೇಕೆಂದು ಮರುದಿನ ಹರಿಹರದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತ ಹೆಂಗಸು ಮಾತಿನವಳು. ಎಲ್ಲಿಗೆ ಹೊಂಟೀರಿ, ಯಾಕ ಹೊಂಟೀರಿ ಎಂದೆಲ್ಲ ವಿಚಾರಿಸಿದಳು. ಮೊಮ್ಮಗಳಿಗೆ ದೊಡ್ಡ ಕೆಲಸವಾಗಿದೆ ಎಂದೆ.

“ಹೌದೇನ್ರಿ? ಏನು ಕೆಲ್ಸ?”

ಈ ಎರಡು ವರ್ಷ ಯಾರು ಕೇಳಿದರೂ ನಾನು ‘ಲ್ಯಾಬಿನಾಗೆ’ ಎಂದು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗುತ್ತಿದ್ದೆ. ಅವತ್ತು ತಿರುಗಲಿಲ್ಲ.

“ವಿಸ್ಕಿ ರುಚಿ ನೋಡೋ ಕೆಲ್ಸ.”

ಮುಂದಿನ ಸೀಟಿನವರು ಹಿಂದೆ ನೋಡಿದರು. ಹಿಂದಿನವರು ಮುಂದೆ ಬಾಗಿದರು. ಕಂಡಕ್ಟರು ಚೀಟಿ ಹರಿಯುವುದನ್ನು ನಿಲ್ಲಿಸಿದ.

“ಅದಕ್ಕೆ ಸಂಬಳ ಕೊಡ್ತಾರೇನ್ರಿ ಅಮ್ಮಾರೆ?” ಎಂದಳು ಆಕೆ. “ನಮ್ಮನೆಯವ್ರು ಇಪ್ಪತ್ತು ವರ್ಷದಿಂದ ಪುಕ್ಕಟೆ ನೋಡ್ತಾ ಅದಾರೆ.”

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ನಗು ನಿಂತ ಮೇಲೆ, ಎಲ್ಲರಿಗೂ ಕೇಳುವ ಹಾಗೆ, “ನಿಮ್ಮನೆಯವ್ರು ನುಂಗ್ತಾರೆ ತಾಯಿ. ನಮ್ಮ ಹುಡುಗಿ ಬಾಯಾಗೆ ಹಾಕ್ಕೊಂಡು, ನೋಡಿ, ಉಗುಳ್ತಾಳೆ. ಸಂಬಳ ಇರೋದು ಉಗುಳೋದಕ್ಕೆ” ಎಂದೆ.

ಆಕೆ ಹರಿಹರದ ಬಸ್ ಸ್ಟ್ಯಾಂಡ್ ಬರುವವರೆಗೂ ಯೋಚಿಸಿದಳು. ಚೀಲ ಎತ್ತಿಕೊಂಡು ಏಳುವಾಗ, “ಹಂಗಾದ್ರೆ ಅದು ಅವ್ರ ಕೈಲಾಗೋ ಕೆಲ್ಸ ಅಲ್ಲ ಬಿಡ್ರಿ” ಎಂದಳು.